ಮಾಲಿನ ಪಟ್ಟಿಯಿಂದ ಹೊಡೆದುಹಾಕಿದ ಎಂಟು ಹಾಡುಗಳು

(ಭಾನುವಾರದ ವಾಚನಾಲಯ ಕೂಟದಲ್ಲಿ ಮಾಡಿದ ಭಾಷಣ)



1974ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಅಮೆರಿಕದ ಅಸೈಲಂ ಎಂಬ ಧ್ವನಿಮುದ್ರಣ ಕಂಪನಿ ಒಂದು ತಟ್ಟೆಯನ್ನು ಮಾರುಕಟ್ಟೆಗೆ ಬಿಟ್ಟಿತು. ಅದರ ಹೆಸರು 'ನೋ ಅದರ್'. ಮತ್ತೊಂದಿಲ್ಲ ಎಂದು ಅರ್ಥ. ಹಾಡುಗಳನ್ನು ಕಟ್ಟಿ ಹಾಡಿದವನು ಜೀನ್ ಕ್ಲಾರ್ಕ್. ತಯಾರಿಕೆಗೆ ತಗುಲಿದ ಖರ್ಚು ಒಂದು ಲಕ್ಷ ಡಾಲರಿಗೂ ಮೇಲು. ಆ ದೇಶದಲ್ಲಿ ಬಿಲ್‌ಬೋರ್ಡ್ ಎಂಬ ಪತ್ರಿಕೆ ವಾರವಾರವೂ ತಟ್ಟೆಗಳ ಮಾರಾಟದ ಪಟ್ಟಿಯನ್ನು ಪ್ರಕಟಿಸುತ್ತದೆ. 200 ಆಲ್ಬಂಗಳ ಆ ಪಟ್ಟಿಯಲ್ಲಿ ಇದು 144ನೆಯ ಸ್ಥಾನದವರೆಗೆ ಏರಿ, ಇಳಿದು, ಮರೆಯಾಯಿತು. 1976ರ ಹೊತ್ತಿಗೆ ಕಂಪನಿ ಇದನ್ನು ತನ್ನ ಮಾಲಿನ ಪಟ್ಟಿಯಿಂದಲೇ ಹೊಡೆದುಹಾಕಿತ್ತು.

ಅಂಗಡಿ ನಡೆಸುವವರಿಗೆ ಇದರಲ್ಲಿ ಸೋಜಿಗವೇನೂ ಕಾಣಿಸದು. ಓಡದ ಮಾಲನ್ನು ಎಷ್ಟು ದಿನ ಕಪಾಟಿನಲ್ಲಿ ಇಟ್ಟುಕೊಳ್ಳುವುದು? ಆದರೆ ಅದೇ ತಟ್ಟೆಯನ್ನು ಇಂದು, ಐವತ್ತು ವರ್ಷ ಕಳೆದ ಮೇಲೆ, ಸಂಗೀತ ಬಲ್ಲ ಅನೇಕರು ಆ ದಶಕದ ಅತ್ಯುತ್ತಮ ಕೃತಿಗಳ ಸಾಲಿಗೆ ಸೇರಿಸುತ್ತಾರೆ. ತಟ್ಟೆಯ ಮೇಲಿನ ಗೆರೆಗಳು ಅಂದಿನವೇ, ಹಾಡೂ ಅಂದಿನದೇ. ಹಾಗಾದರೆ ಅಂದು ಓಡದಿದ್ದುದು ಮಾಲಿನ ತಪ್ಪೋ, ಅದನ್ನು ಹೊರಡಿಸಬೇಕಾದವರು ಹೊರಡಿಸದೆ ಹೋದದ್ದೋ? ಈ ಸಂಜೆ ನಾವು ವಿಚಾರ ಮಾಡಬೇಕೆಂದಿರುವುದು ಇದನ್ನೇ.

ಮೊದಲಿಗೆ ಎರಡು ಮಾತಿನ ಅರ್ಥ ಬಿಡಿಸಿಕೊಳ್ಳೋಣ. ರಾಕ್ ಎಂದೊಡನೆ ಕಿವಿ ಕಿವುಡಾಗಿಸುವ ಗದ್ದಲವೆಂದು ನಮ್ಮಲ್ಲಿ ಹಲವರು ಮುಖ ತಿರುಗಿಸುತ್ತಾರೆ. ಅದರ ಬೇರುಗಳಿರುವುದು ಅಮೆರಿಕದ ಕರಿಯ ಜನರ ದುಡಿಮೆಯ ಹಾಡಿನಲ್ಲಿ, ಅವರ ಇಗರ್ಜಿಯ ಭಜನೆಯಲ್ಲಿ, ಬಡ ಬಿಳಿಯರ ಹಳ್ಳಿಯ ಪಿಟೀಲು, ಬ್ಯಾಂಜೊಗಳಲ್ಲಿ. ಈ ಬೇರುಗಳು ಇಷ್ಟು ಸ್ಪಷ್ಟವಾಗಿ ಕೇಳಿಸುವ ತಟ್ಟೆಗಳು ಹೆಚ್ಚಿಲ್ಲ. ಇನ್ನು ಸೋಲೋ ಆಲ್ಬಂ. ನಾಟಕ ಕಂಪನಿಯ ಹೆಸರಾದ ನಟನೊಬ್ಬ ಕಂಪನಿ ಬಿಟ್ಟು ಹೊರಬಂದು ತನ್ನ ಹೆಸರಿನಲ್ಲೇ ಆಟ ಆಡಿಸುವುದನ್ನು ನಾವು ಬಲ್ಲೆವು. ಇದೂ ಅಂಥದೇ. ಜನ ಬರುತ್ತಾರೆಯೇ, ಕಂಪನಿಯ ಹೆಸರಿಲ್ಲದೆ ಟಿಕೆಟ್ ಹೋಗುತ್ತದೆಯೇ ಎಂಬ ಭಯ ಅಲ್ಲಿಯೂ ಉಂಟು.

ಕ್ಲಾರ್ಕ್ ಬಿಟ್ಟುಬಂದ ಕಂಪನಿ ಸಾಮಾನ್ಯದ್ದಲ್ಲ. ಅದರ ಹೆಸರು ಬರ್ಡ್ಸ್. ಈತ ಹುಟ್ಟಿದ್ದು 1944ರ ನವೆಂಬರಿನಲ್ಲಿ, ಮಿಸೂರಿ ಸಂಸ್ಥಾನದ ಟಿಪ್ಟನ್ ಎಂಬ ಸಣ್ಣ ಊರಿನಲ್ಲಿ. ಮನೆಯಲ್ಲಿ ಮಕ್ಕಳು ಹದಿಮೂರು. ಗಿಟಾರು, ಬಾಯಿಪೆಟ್ಟಿಗೆಗಳ ಮೊದಲ ಪಾಠ ತಂದೆಯಿಂದಲೇ ಆಯಿತು. 1964ರಲ್ಲಿ ಲಾಸ್ ಏಂಜಲೀಸ್ ಸೇರಿ, ರೋಜರ್ ಮೆಗ್ವಿನ್, ಡೇವಿಡ್ ಕ್ರಾಸ್ಬಿ ಮೊದಲಾದವರೊಡನೆ ಈ ತಂಡವನ್ನು ಕಟ್ಟಿದ. ಮರುವರ್ಷವೇ ಬಾಬ್ ಡಿಲನ್ ಬರೆದ 'ಮಿಸ್ಟರ್ ಟ್ಯಾಂಬೊರೀನ್ ಮ್ಯಾನ್' ಹಾಡನ್ನು ಇವರು ಹಾಡಿ ಅಮೆರಿಕ, ಇಂಗ್ಲೆಂಡುಗಳೆರಡರಲ್ಲೂ ಮೊದಲ ಸ್ಥಾನಕ್ಕೆ ಏರಿದರು. ಆ ತಂಡದವರು ಅಭ್ಯಾಸ ಮಾಡುತ್ತಿದ್ದ ಧ್ವನಿಮುದ್ರಣ ಶಾಲೆಯಲ್ಲೇ ನಮ್ಮ ರವಿಶಂಕರರೂ ಸಿತಾರ್ ನುಡಿಸಿ ತಟ್ಟೆಗಳನ್ನು ಮಾಡಿದ್ದರು. 1966ರಲ್ಲಿ ಹೊರಬಂದ 'ಎಯ್ಟ್ ಮೈಲ್ಸ್ ಹೈ' ಎಂಬ ಹಾಡಿನ ಹಿಂದೆ ಆ ಸಿತಾರಿನ ಪ್ರಭಾವವಿದೆ ಎಂದು ತಂಡದವರೇ ಹೇಳಿದ್ದಾರೆ. ಆ ಹಾಡನ್ನು ಕಟ್ಟಿದವರಲ್ಲಿ ಕ್ಲಾರ್ಕನ ಪಾಲು ದೊಡ್ಡದು.

ಇಲ್ಲಿ ಹಣದ ಸಂಗತಿಯೊಂದನ್ನು ಹೇಳಬೇಕು, ಏಕೆಂದರೆ ಒಡಕು ಅಲ್ಲಿಂದಲೇ ಹುಟ್ಟಿತು. ತಟ್ಟೆ ಮಾರಿ ಬಂದ ಹಣದಲ್ಲಿ ಹಾಡಿದವರಿಗೆ ಒಂದು ಪಾಲು, ಹಾಡು ಬರೆದವನಿಗೆ ಪ್ರತ್ಯೇಕವಾಗಿ ಇನ್ನೊಂದು ಪಾಲು. ಸಣ್ಣ ತಟ್ಟೆಯ ಒಂದು ಮಗ್ಗುಲಲ್ಲಿ ಜನ ಬಯಸಿ ಕೊಳ್ಳುವ ಹಾಡು ಇದ್ದರೆ ಮತ್ತೊಂದು ಮಗ್ಗುಲಲ್ಲಿ ಯಾರೂ ಕೇಳದ ಹಾಡು ಇರಬಹುದು. ಆದರೆ ತಟ್ಟೆ ಮಾರಿದಾಗ ಎರಡೂ ಮಾರಿದಂತೆಯೇ. ಬರೆದವರಿಗೆ ಸಮಸಮ ಪಾಲು. ಬರ್ಡ್ಸ್ ತಂಡದಲ್ಲಿ ಸ್ವಂತ ಹಾಡುಗಳನ್ನು ಹೆಚ್ಚಾಗಿ ಬರೆಯುತ್ತಿದ್ದವನು ಕ್ಲಾರ್ಕ್. ಆದ್ದರಿಂದ ಆತನ ಕೈಗೆ ಉಳಿದವರಿಗಿಂತ ಹೆಚ್ಚು ಹಣ ಬಂತು. ಒಂದೇ ವೇದಿಕೆಯ ಮೇಲೆ ಒಂದೇ ಹೊತ್ತು ದುಡಿದು, ಕೂಲಿ ಮಾತ್ರ ಬೇರೆ ಬೇರೆಯಾದರೆ ಮನಸ್ಸು ಹೇಗಿರುತ್ತದೆಂದು ಗಿರಣಿಯಲ್ಲಿ ದುಡಿಯುವವರಿಗೆ ನಾವು ಹೇಳಬೇಕಾಗಿಲ್ಲ. ಇತ್ತ ಕ್ಲಾರ್ಕನ ತಕರಾರೂ ಸುಳ್ಳಲ್ಲ: ಬರೆದವನು ತಾನು, ಬೆವರು ತನ್ನದು.

ಇದರ ಜೊತೆಗೆ ಆತನಿಗೆ ವಿಮಾನವೆಂದರೆ ಪ್ರಾಣಭಯ. 1966ರ ಆರಂಭದಲ್ಲಿ ನ್ಯೂಯಾರ್ಕಿಗೆ ಹೊರಟ ವಿಮಾನದಿಂದ ಗಾಬರಿಯಾಗಿ ಇಳಿದುಬಿಟ್ಟ. ಬರ್ಡ್ ಎಂದರೆ ಹಕ್ಕಿ ತಾನೆ? ಹಾರಲಾರದವನಿಗೆ ಹಕ್ಕಿಗಳ ಹಿಂಡಿನಲ್ಲಿ ಏನು ಕೆಲಸ ಎಂಬ ನಗೆಮಾತು ಹುಟ್ಟಿಕೊಂಡಿತು. ನಕ್ಕವರು ನಕ್ಕರು. ಇಪ್ಪತ್ತೊಂದು ವಯಸ್ಸಿನ ಹುಡುಗ ತಂಡದಿಂದ ಹೊರಗಾದ.

ಮುಂದಿನ ಏಳೆಂಟು ವರ್ಷಗಳ ಕತೆಯನ್ನು ಬೇಗನೆ ಹೇಳಿ ಮುಗಿಸಬಹುದು. 1967ರ ಫೆಬ್ರವರಿಯಲ್ಲಿ ಆತನ ಮೊದಲ ಸ್ವತಂತ್ರ ಆಲ್ಬಂ ಬಂತು. ಅದೇ ಕೊಲಂಬಿಯಾ ಕಂಪನಿ ಅದೇ ತಿಂಗಳು ಬರ್ಡ್ಸ್ ತಂಡದ ಹೊಸ ಆಲ್ಬಮನ್ನೂ ಹೊರಡಿಸಿತು. ಒಬ್ಬನೇ ವ್ಯಾಪಾರಿ ಒಂದೇ ಸಂತೆಯಲ್ಲಿ ತನ್ನ ಒಂದು ಮಾಲಿಗೆ ಇನ್ನೊಂದನ್ನು ಎದುರಿಟ್ಟರೆ ಯಾವುದು ಮುಳುಗುತ್ತದೆ? ಹೊಸಬನದು ಮುಳುಗಿತು. ಆಮೇಲೆ ಬ್ಯಾಂಜೊವಾದಕ ಡಗ್ ಡಿಲ್ಲರ್ಡ್ ಜೊತೆ ಎರಡು ಆಲ್ಬಂ. 1971ರಲ್ಲಿ 'ವೈಟ್ ಲೈಟ್' ಎಂಬ ಸರಳ, ಶಾಂತ ಆಲ್ಬಂ. ಇವಕ್ಕೆ ಮೆಚ್ಚುಗೆ ಬಂತು, ಹಣ ಬರಲಿಲ್ಲ. ಆತ ಜೊತೆಗೂಡಿ ಬರೆದ ಹಾಡೊಂದನ್ನು 1972ರಲ್ಲಿ ಈಗಲ್ಸ್ ಎಂಬ ಹೊಸ ತಂಡ ತನ್ನ ಮೊದಲ ಆಲ್ಬಮಿನಲ್ಲಿ ಸೇರಿಸಿಕೊಂಡಿತು. ಈಗಲ್ಸ್ ಎಲ್ಲಿಗೆ ಏರಿದರು, ಈತ ಎಲ್ಲಿ ಉಳಿದ ಎಂಬುದು ಜಗತ್ತಿಗೇ ಗೊತ್ತು. 1973ರಲ್ಲಿ ಹಳೆಯ ಐವರು ಬರ್ಡ್ಸ್ ಮತ್ತೆ ಸೇರಿ ಒಂದು ಆಲ್ಬಂ ಮಾಡಿದಾಗ, ಅದರಲ್ಲಿ ಕ್ಲಾರ್ಕನ ಹಾಡುಗಳೇ ಮೇಲು ಎಂಬ ಮಾತು ಬಂತು. ಅದನ್ನು ಹೊರತಂದ ಅಸೈಲಂ ಕಂಪನಿಯ ಮುಖ್ಯಸ್ಥ ಡೇವಿಡ್ ಗೆಫೆನ್ ಆತನಿಗೆ ಸ್ವತಂತ್ರ ಕರಾರು ಕೊಟ್ಟ. ಅಂದು ಆ ಕಂಪನಿಯದು ಏರುಗಾಲ: ಜೋನಿ ಮಿಚೆಲ್, ಜಾಕ್ಸನ್ ಬ್ರೌನ್, ಈಗಲ್ಸ್ ಎಲ್ಲರೂ ಅಲ್ಲಿದ್ದರು, 1974ರಲ್ಲಿ ಡಿಲನ್ ಕೂಡ ಎರಡು ಆಲ್ಬಂ ಕೊಟ್ಟ.

ಕ್ಯಾಲಿಫೋರ್ನಿಯಾದ ಉತ್ತರ ಕರಾವಳಿಯಲ್ಲಿ ಮೆಂಡೊಸಿನೊ ಎಂಬ ಸೀಮೆ. ಅಲ್ಲಿ ಕಡಲು ಕಾಣುವ ಮನೆಯಲ್ಲಿ ಹೆಂಡತಿ ಮತ್ತು ಎರಡು ಎಳೆಯ ಗಂಡುಮಕ್ಕಳೊಡನೆ ಇದ್ದುಕೊಂಡು ಕ್ಲಾರ್ಕ್ ಈ ಹಾಡುಗಳನ್ನು ಬರೆದ. ಪಟ್ಟಣದ ಗಲಾಟೆಯಿಂದ ದೂರ, ಗಿಟಾರು ಒಂದೇ ಸಂಗಾತಿ. ಹಾಡುಗಳು ಆ ಮೌನದಲ್ಲಿ ಹುಟ್ಟಿದವು, ತಟ್ಟೆಯಾದದ್ದು ಮಾತ್ರ ಲಾಸ್ ಏಂಜಲೀಸಿನ ವಿಲೇಜ್ ರೆಕಾರ್ಡರ್ ಎಂಬ ದೊಡ್ಡ ಶಾಲೆಯಲ್ಲಿ. (ಆ ಕಟ್ಟಡದಲ್ಲಿ ಅದಕ್ಕೆ ಕೆಲವು ವರ್ಷ ಮುಂಚೆ ನಮ್ಮ ಮಹರ್ಷಿ ಮಹೇಶ ಯೋಗಿಗಳ ಧ್ಯಾನಕೇಂದ್ರವಿತ್ತು! ಅಲ್ಲಿಯ ಗೋಡೆಗಳಿಗೆ ಮೌನವೂ ಗೊತ್ತು, ಗದ್ದಲವೂ ಗೊತ್ತು.) ತಯಾರಿಕೆಯ ಹೊಣೆ ಹೊತ್ತವನು ಥಾಮಸ್ ಜೆಫರ್ಸನ್ ಕೇ. ಈತ ಕೈ ಹಿಡಿದು ಖರ್ಚು ಮಾಡುವವನಲ್ಲ. ಗಿಟಾರಿಗೆ ಗಿಟಾರು ಸೇರಿಸಿದ, ಪಿಯಾನೊ ಸೇರಿಸಿದ, ಆರ್ಗನ್ ಸೇರಿಸಿದ, ತಾಳವಾದ್ಯಗಳನ್ನು ಸಾಲುಗಟ್ಟಿಸಿದ, ಅದರ ಮೇಲೆ ಹೆಂಗಸರ ದೊಡ್ಡ ಮೇಳವನ್ನು ಹಾಡಿಸಿದ.

ಸೋಲೋ ಎನ್ನುತ್ತಾರೆ, ಆದರೆ ಎಷ್ಟು ಕೈಗಳು ಕೂಡಿವೆ ನೋಡಿ. ಬಾಸ್ ಗಿಟಾರಿನಲ್ಲಿ ಲೀಲ್ಯಾಂಡ್ ಸ್ಕ್ಲಾರ್, ಡ್ರಮ್ಮಿನಲ್ಲಿ ರಸ್ ಕುಂಕೆಲ್, ಕೀಲಿಮಣೆಯಲ್ಲಿ ಮೈಕೆಲ್ ಅಟ್ಲಿ, ಕಾಂಗಾ ಮುಂತಾದ ಕೈವಾದ್ಯಗಳಲ್ಲಿ ಜೋ ಲಾಲಾ, ಗಿಟಾರಿನಲ್ಲಿ ಜೆಸ್ಸಿ ಎಡ್ ಡೇವಿಸ್. ಈ ಡೇವಿಸ್ ಅಮೆರಿಕದ ಮೂಲನಿವಾಸಿ ಕಯೋವಾ ಜನಾಂಗದವನು. ಮೇಳದಲ್ಲಿ ವೆನೆಟ್ಟಾ ಫೀಲ್ಡ್ಸ್, ಕ್ಲೈಡಿ ಕಿಂಗ್, ಕ್ಲಾಡಿಯಾ ಲೆನಿಯರ್ ಮೊದಲಾದ ಕರಿಯ ಗಾಯಕಿಯರು. ಆ ಕಾಲದ ಎಷ್ಟೋ ಪ್ರಸಿದ್ಧ ತಟ್ಟೆಗಳ ಬೆನ್ನೆಲುಬು ಇವರೇ. ಹೊದಿಕೆಯ ಮೇಲೆ ಇವರ ಹೆಸರು ಸಣ್ಣ ಅಕ್ಷರದಲ್ಲಿರುತ್ತದೆ. ಇವರದು ದಿನಗೂಲಿಯಂಥ ದುಡಿಮೆ: ಕರೆದ ದಿನ ಬಂದು, ನುಡಿಸಿ ಹಾಡಿ, ಸಂಬಳ ಪಡೆದು ಹೋಗುವುದು, ಆಮೇಲೆ ಎಷ್ಟು ತಟ್ಟೆ ಮಾರಿತು ಎಂಬುದಕ್ಕೂ ಇವರಿಗೂ ಸಾಮಾನ್ಯವಾಗಿ ಸಂಬಂಧವಿಲ್ಲ. ಹೀಗಿದ್ದೂ ಆ ಹೊತ್ತಿಗೆ ಅವರು ಸುರಿದದ್ದು ಕೂಲಿಯ ಅಳತೆಗೆ ಮೀರಿದ್ದು. ಕೇಳಿದವರಿಗೆ ಅದು ತಾನಾಗಿ ಗೊತ್ತಾಗುತ್ತದೆ.

ಕೆಲಸ ಮುಗಿಯಿತು. ತಟ್ಟೆ ಗೆಫೆನ್‌ನ ಮುಂದೆ ಬಂತು. ಆತ ಹಾಡುಗಳನ್ನು ಎಣಿಸಿದ: ಎಂಟು. ಲಕ್ಷ ಡಾಲರಿಗೂ ಮೇಲೆ ಖರ್ಚು ಮಾಡಿ ಎಂಟೇ ಹಾಡೇ ಎಂದು ಸಿಟ್ಟಾದನಂತೆ. ಆ ಸಿಟ್ಟಿನ ಬಗ್ಗೆ ಬಣ್ಣಬಣ್ಣದ ಕತೆಗಳಿವೆ, ಅವು ನಮಗೆ ಬೇಡ. ಕಂಪನಿ ಈ ತಟ್ಟೆಯ ಪ್ರಚಾರಕ್ಕೆ ಕೈ ಬಿಚ್ಚಲಿಲ್ಲ ಎಂಬುದಷ್ಟೇ ನಮಗೆ ಸಾಕು.

ಈ ಎಂಟರ ಲೆಕ್ಕವನ್ನು ಸ್ವಲ್ಪ ಪರೀಕ್ಷಿಸೋಣ. ಬಟ್ಟೆ ಅಂಗಡಿಯವರು ಮಾಲನ್ನು ತುಂಡುಗಳ ಎಣಿಕೆಯಿಂದ ಮಾರುತ್ತಾರೆಯೇ, ಮೀಟರಿನ ಅಳತೆಯಿಂದ ಮಾರುತ್ತಾರೆಯೇ? ಈ ಎಂಟು ಹಾಡುಗಳ ಒಟ್ಟು ಅವಧಿ ಸುಮಾರು 43 ನಿಮಿಷ. ದೊಡ್ಡ ತಟ್ಟೆಯ ಒಂದು ಮಗ್ಗುಲು ಧ್ವನಿ ಕೆಡದಂತೆ ಹಿಡಿಸುವುದು ಇಪ್ಪತ್ತು, ಇಪ್ಪತ್ತೆರಡು ನಿಮಿಷ ಮಾತ್ರ. ಎಂದರೆ ಎರಡು ಮಗ್ಗುಲೂ ಅಂಚಿನವರೆಗೆ ತುಂಬಿದ್ದುವು. ಆ ಕಾಲದಲ್ಲಿ ಹತ್ತು ಹನ್ನೆರಡು ಹಾಡುಗಳಿದ್ದ ಎಷ್ಟೋ ಆಲ್ಬಂಗಳು ನಲವತ್ತು ನಿಮಿಷಕ್ಕೂ ಕಡಿಮೆ. ಗಿರಾಕಿಗೆ ಅಳತೆಯಲ್ಲಿ ಮೋಸವಾಗಲಿಲ್ಲ. ಆದರೆ ಕಂಪನಿಯ ಕಣ್ಣು ಇದ್ದುದು ಬೇರೆ ಕಡೆ. ಆಕಾಶವಾಣಿಗೆ ಬೇಕಾದದ್ದು ಮೂರು ನಿಮಿಷದ ಹಾಡು. ಹಾಡುಗಳು ಹೆಚ್ಚಿದ್ದಷ್ಟೂ ಅವುಗಳಲ್ಲಿ ಒಂದಾದರೂ ನಾಟೀತು ಎಂಬ ಆಸೆ. ಬಂಡವಾಳ ಹೂಡಿದವನು ಹಾಗೆ ಯೋಚಿಸುವುದು ಅಪರಾಧವೆಂದು ನಾವು ಹೇಳುವುದಿಲ್ಲ. ಆದರೆ ಹೂಡಿಯಾದ ಮೇಲೆ, ಸರಕು ಕೈಗೆ ಬಂದ ಮೇಲೆ, ಅದನ್ನು ಮೂಲೆಗೆ ತಳ್ಳಿದ್ದಕ್ಕೆ ವ್ಯಾಪಾರದ ಬುದ್ಧಿಯಿಂದಲೂ ಸಮರ್ಥನೆ ಸಿಗದು. ಲಕ್ಷ ಖರ್ಚು ಮಾಡಿ ಬೋರ್ಡು ಬರೆಸಲು ಹಣವಿಲ್ಲವೆಂದರೆ ಅದು ಎಂಥ ಅಂಗಡಿ?

ಕ್ಲಾರ್ಕನ ಮೇಲೂ ಹೇಳಬೇಕಾದದ್ದಿದೆ. ವಿಮಾನ ಹತ್ತಲಾರದವನು ಅಷ್ಟು ದೊಡ್ಡ ದೇಶದಲ್ಲಿ ಊರೂರು ತಿರುಗಿ ಹಾಡುವುದು ಹೇಗೆ? ಕುಡಿತ ಬೇರೆ ಹತ್ತಿತ್ತು. ಹೊದಿಕೆಯ ಹಿಂಬದಿಯ ಚಿತ್ರದಲ್ಲಿ ಮುಖಕ್ಕೆ ಬಣ್ಣ ಬಳಿದು, ಜೋಲು ಷರಾಯಿ ತೊಟ್ಟು ಹಳೆಯ ಸಿನಿಮಾ ಲೋಕದ ವೇಷದಲ್ಲಿ ನಿಂತಿದ್ದಾನೆ. ಹಳ್ಳಿಗಾಡಿನ ಹಾಡುಗಾರನೆಂದು ಆತನನ್ನು ಬಲ್ಲವರು ಇದಾರು ಎಂದು ಬೆಪ್ಪಾಗಿರಬೇಕು. ಅಂಗಡಿಯವನಿಗೂ ಇದನ್ನು ಯಾವ ಗೂಡಿನಲ್ಲಿ ಇಡಬೇಕೆಂಬ ಗೊಂದಲ. ಹಾಗಿದ್ದರೂ 1975ರಲ್ಲಿ ಆತ ಮೂವರ ಪುಟ್ಟ ತಂಡ ಕಟ್ಟಿಕೊಂಡು ಸಣ್ಣ ಸಣ್ಣ ಜಾಗಗಳಲ್ಲಿ ಹಾಡಿದ. ಅಷ್ಟು ವಾದ್ಯಗಳ, ಅಷ್ಟು ದೊಡ್ಡ ಮೇಳದ ಸಂಗೀತವನ್ನು ಮೂರು ಜನ ಹೊತ್ತು ತಿರುಗುವುದೆಂದರೆ ತೇರಿನ ಉತ್ಸವವನ್ನು ಕೈಗಾಡಿಯಲ್ಲಿ ನಡೆಸಿದಂತೆ.

ಇನ್ನು ಹಾಡುಗಳಿಗೆ ಬರೋಣ. ಮೊದಲನೆಯದು 'ಲೈಫ್ಸ್ ಗ್ರೇಟೆಸ್ಟ್ ಫೂಲ್'. ಜಟಕಾ ಕುದುರೆಯ ಓಟದಂಥ ನಡೆ, ಹಿಂದಿನಿಂದ ಮೇಳ. ಚೆನ್ನಾಗಿಯೇ ಇದೆ, ಆದರೆ ಮೇಳದ ಆರ್ಭಟ ಇಲ್ಲಿ ಕೊಂಚ ಹೆಚ್ಚಾಯಿತೆಂದು ನಮ್ಮ ಅಭಿಪ್ರಾಯ. ಎರಡನೆಯದು 'ಸಿಲ್ವರ್ ರೇವನ್', ಬೆಳ್ಳಿಯ ಕಾಗೆ. ಇಲ್ಲಿ ಕ್ಲಾರ್ಕ್ ದನಿಯನ್ನು ಮೇಲಕ್ಕೆ ಒಯ್ದು ಮೆಲ್ಲಗೆ ಹಾಡುತ್ತಾನೆ. ವಾದ್ಯಗಳು ದೂರ ಸರಿದು ಜಾಗ ಬಿಡುತ್ತವೆ. ಮೂರನೆಯದೇ ಆಲ್ಬಮಿಗೆ ಹೆಸರು ಕೊಟ್ಟ 'ನೋ ಅದರ್'. ಬಾಸ್ ಗಿಟಾರಿನ ದನಿಯನ್ನು ಬೇಕೆಂದೇ ಒರಟಾಗಿಸಿ, ಅದರ ಸುತ್ತ ಕೈವಾದ್ಯಗಳನ್ನು ಹೆಣೆದಿದ್ದಾರೆ. ಒಂದು ತಾಳ ಇನ್ನೊಂದರ ಸಂದಿನಲ್ಲಿ ನುಸುಳುತ್ತದೆ, ಆದರೂ ಎಲ್ಲಿಯೂ ಡಿಕ್ಕಿಯಿಲ್ಲ. ಮಗ್ಗಖಾನೆಯಲ್ಲಿ ನೂರು ಮಗ್ಗಗಳ ಸದ್ದಿನ ನಡುವೆ ತನ್ನ ಮಗ್ಗದ ಲಯವನ್ನು ಗುರುತಿಸಬಲ್ಲ ಕಿವಿಗೆ ಈ ಹಾಡು ಬಹಳ ಬೇಗ ಒಲಿಯುತ್ತದೆ.

ನಾಲ್ಕನೆಯದು 'ಸ್ಟ್ರೆಂತ್ ಆಫ್ ಸ್ಟ್ರಿಂಗ್ಸ್', ತಂತಿಗಳ ಬಲ. ನಮ್ಮ ಮಟ್ಟಿಗೆ ಇಡೀ ತಟ್ಟೆಯ ಶಿಖರ ಇದೇ. ಆರು ನಿಮಿಷ ಮೀರಿದ ಹಾಡು. ಮಾತು ಬರುವುದಕ್ಕೆ ಮೊದಲು ಬಹಳ ಹೊತ್ತು ಬರಿಯ ಆಲಾಪ: ಪಿಯಾನೊ ಭಾರವಾಗಿ ಹೆಜ್ಜೆ ಇಡುತ್ತದೆ, ಗಿಟಾರು ತಂತಿಯ ಮೇಲೆ ಜಾರಿ ಗಮಕದಂತೆ ಎಳೆಯುತ್ತದೆ, ಗಂಟಲುಗಳು ಅಕ್ಷರವಿಲ್ಲದೆ ಏರುತ್ತವೆ. ರಾಗ ಬೆಳೆಸುವುದನ್ನು ಕೇಳಿದ ಕಿವಿಗಳು ನಮ್ಮವು. ಇಲ್ಲಿ ನಮಗೆ ಬೇಸರವಾಗದು. ಆಕಾಶವಾಣಿಯ ಮೂರು ನಿಮಿಷದ ಗಡಿಯಾರಕ್ಕೆ ಮಾತ್ರ ಇದು ಹೊಂದಲಾರದು. ಕೊನೆಗೆ ಕ್ಲಾರ್ಕ್ ಬಾಯಿ ತೆರೆದಾಗ ಹೇಳುವ ವಿಷಯ ಸಂಗೀತವೇ: ಅದು ತನ್ನೊಳಗೆ ಹೇಗೆ ನಡೆದಾಡುತ್ತದೆ, ತನ್ನನ್ನು ಹೇಗೆ ಎತ್ತಿ ನಿಲ್ಲಿಸುತ್ತದೆ ಎಂಬುದು. ವಿದ್ಯೆಯ ಜಂಬವಿಲ್ಲ. ಒಂದು ಶಕ್ತಿಯ ಎದುರು ತಲೆ ಬಾಗಿದವನ ದನಿ.

ತಟ್ಟೆ ತಿರುಗಿಸಿದರೆ 'ಫ್ರಮ್ ಎ ಸಿಲ್ವರ್ ಫೈಯಲ್', ಮತ್ತಿನ ಸೆಳೆತಕ್ಕೆ ಸಿಕ್ಕ ಹೆಂಗಸೊಬ್ಬಳ ಚಿತ್ರ. ಅದೇ ಬಲೆಯಲ್ಲಿದ್ದವನು ಬರೆದದ್ದೆಂದು ನೆನೆದರೆ ಕೇಳುವುದು ಕಷ್ಟ. ಅದರ ಬೆನ್ನಿಗೇ 'ಸಮ್ ಮಿಸ್ಅಂಡರ್‌ಸ್ಟ್ಯಾಂಡಿಂಗ್', ಎಂಟು ನಿಮಿಷದ ನಿಧಾನವಾದ ಹಾಡು. ಬದುಕಿನ ಯಾವುದೋ ಮಾತನ್ನು ತಾವೆಲ್ಲ ತಪ್ಪಾಗಿ ತಿಳಿದೆವೇನೋ ಎಂಬ ಸಂಶಯ ಅದರ ವಸ್ತು. ಆತ ಉಪದೇಶ ಮಾಡುವುದಿಲ್ಲ, ಗೋಳಾಡುವುದೂ ಇಲ್ಲ. ರಾತ್ರಿ ಪಾಳಿ ಮುಗಿಸಿ ಬಂದವನು ನಿದ್ದೆ ಬರದೆ ಕುಳಿತು ತನ್ನಷ್ಟಕ್ಕೆ ಆಡಿಕೊಳ್ಳುವ ಮಾತಿನಂತಿದೆ. 'ದಿ ಟ್ರೂ ವನ್' ಹಗುರ, ಕೇಳಿ ಮುಂದೆ ಹೋಗಬಹುದು. ಡಿಲ್ಲರ್ಡ್ ಜೊತೆ ಬರೆದ 'ಲೇಡಿ ಆಫ್ ದ ನಾರ್ತ್' ಕೊನೆಯದು. ಅದರ ಪಿಟೀಲು ತಟ್ಟೆ ನಿಂತ ಮೇಲೂ ಕಿವಿಯಲ್ಲಿ ಉಳಿಯುತ್ತದೆ.

ಅಲಂಕಾರ ಅತಿಯಾಯಿತೆಂದು ಅಂದಿನ ಕೆಲವು ವಿಮರ್ಶಕರು ದೂರಿದರು. ಆ ದೂರನ್ನು ಇಂದು ನಾವೇ ಪರೀಕ್ಷಿಸಬಹುದು, ಏಕೆಂದರೆ 2003ರ ಮರುಮುದ್ರಣದಲ್ಲಿ ಕೆಲವು ಹಾಡುಗಳ ಒಡವೆಯಿಲ್ಲದ ರೂಪಗಳೂ ಸೇರಿವೆ. ಅವು ಸೊಗಸಾಗಿವೆ. ಅವನ್ನು ಕೇಳಿದ ಮೇಲೂ ನಾವು ಪೂರ್ಣ ರೂಪದ ಪಕ್ಷವನ್ನೇ ಹಿಡಿಯುತ್ತೇವೆ. ಒಬ್ಬಂಟಿ ಮನುಷ್ಯನ ಸಣ್ಣ ದನಿ, ಅದರ ಸುತ್ತ ಇಷ್ಟು ದೊಡ್ಡ ಲೋಕದ ಸಂಭ್ರಮ. ಆ ದನಿ ಅದರಲ್ಲಿ ಮುಳುಗದೆ ಉಳಿಯುವುದೇ ಈ ಕೃತಿಯ ಜೀವ.

ತಟ್ಟೆ ಮುಳುಗಿದ್ದು ಕ್ಲಾರ್ಕನನ್ನು ಮುರಿಯಿತು. ಇದೇ ತನ್ನ ಶ್ರೇಷ್ಠ ಕೃತಿಯೆಂದು ಆತ ನಂಬಿದ್ದ. 1977ರಲ್ಲಿ ಬೇರೆ ಕಂಪನಿಯಿಂದ ಇನ್ನೊಂದು ಆಲ್ಬಂ ಬಂತು, ಅದೂ ಓಡಲಿಲ್ಲ. 1989ರಲ್ಲಿ ಟಾಮ್ ಪೆಟ್ಟಿ ಎಂಬ ಜನಪ್ರಿಯ ಗಾಯಕ ಕ್ಲಾರ್ಕನ 1965ರ ಹಾಡೊಂದನ್ನು ತನ್ನ ಆಲ್ಬಮಿನಲ್ಲಿ ಹಾಡಿದ. ಅದು ಲಕ್ಷಗಟ್ಟಲೆ ಮಾರಿ, ಬರೆದವನ ಪಾಲು ಕ್ಲಾರ್ಕನಿಗೆ ಬಂತು. ಆ ಹಣ ಆತನನ್ನು ಉಳಿಸಲಿಲ್ಲ. 1991ರ ಮೇ 24ರಂದು, 46ನೆಯ ವಯಸ್ಸಿನಲ್ಲಿ, ತೀರಿಕೊಂಡ.

ಆದರೆ ತಟ್ಟೆ ಸತ್ತಿರಲಿಲ್ಲ. ಕಂಪನಿ ಪಟ್ಟಿಯಿಂದ ಹೊಡೆದುಹಾಕಿದ್ದನ್ನು ಕೊಂಡವರು ಎಸೆದಿರಲಿಲ್ಲ. ಹಳೆಯ ತಟ್ಟೆಗಳ ಅಂಗಡಿಗಳಲ್ಲಿ ಅದು ಕೈಯಿಂದ ಕೈಗೆ ಹೋಯಿತು. ಇಂಗ್ಲೆಂಡಿನಲ್ಲಿ 4ಎಡಿ ಎಂಬ ಸಣ್ಣ ಕಂಪನಿಯಿತ್ತು. ಅದನ್ನು ನಡೆಸುತ್ತಿದ್ದ ಐವೊ ವಾಟ್ಸ್-ರಸೆಲ್ 1986ರಲ್ಲಿ 'ದಿಸ್ ಮಾರ್ಟಲ್ ಕಾಯಿಲ್' ಎಂಬ ತಂಡದಿಂದ 'ಸ್ಟ್ರೆಂತ್ ಆಫ್ ಸ್ಟ್ರಿಂಗ್ಸ್' ಹಾಡಿಸಿದ. ಕ್ಲಾರ್ಕನ ಹೆಸರನ್ನೇ ಕೇಳಿರದ ಹೊಸ ತಲೆಮಾರು ಬರೆದವನಾರೆಂದು ಹುಡುಕಿಕೊಂಡು ಹೋಯಿತು. 2007ರಲ್ಲಿ ರಾಬರ್ಟ್ ಪ್ಲಾಂಟ್ ಮತ್ತು ಅಲಿಸನ್ ಕ್ರಾಸ್ ಕೂಡಿ ಮಾಡಿದ ಆಲ್ಬಮಿನಲ್ಲಿ ಕ್ಲಾರ್ಕನ ಎರಡು ಹಾಡುಗಳಿದ್ದವು. 2014ರ ಜನವರಿಯಲ್ಲಿ ಬೀಚ್ ಹೌಸ್ ತಂಡದವರು ಇತರ ತಂಡಗಳ ಗಾಯಕರನ್ನು ಕೂಡಿಸಿಕೊಂಡು, 'ನೋ ಅದರ್' ಆಲ್ಬಮನ್ನು ಮೊದಲಿಂದ ಕೊನೆಯವರೆಗೆ ಅಮೆರಿಕದ ಕೆಲವು ಪಟ್ಟಣಗಳ ವೇದಿಕೆಗಳಲ್ಲಿ ಹಾಡಿದರು. ತೇರಿಗೆ ಬೇಕಾದಷ್ಟು ಜನ ನಲವತ್ತು ವರ್ಷದ ಮೇಲೆ ಸಿಕ್ಕರು. 2019ರಲ್ಲಿ ಅದೇ 4ಎಡಿ ಕಂಪನಿ ಮೂಲ ಧ್ವನಿಸುರುಳಿಗಳಿಂದ ಇದನ್ನು ಹೊಸದಾಗಿ ಸಿದ್ಧಪಡಿಸಿ ಹೊರತಂದಿತು. ಈಗ ಇದು ಮೊಬೈಲಿನಲ್ಲೂ ಸಿಗುತ್ತದೆ. ದುಬಾರಿ ತಟ್ಟೆ ಕೊಳ್ಳಬೇಕಾಗಿಲ್ಲ.

ಟಿಪ್ಟನ್ನಿನ ಸ್ಮಶಾನದಲ್ಲಿ ಕ್ಲಾರ್ಕನ ಗೋರಿಯ ಕಲ್ಲಿನ ಮೇಲೆ ಹೆಸರಿನ ಜೊತೆಗೆ ಈ ಆಲ್ಬಮಿನ ಹೆಸರನ್ನೂ ಕೆತ್ತಿದ್ದಾರೆ.

ಸರಿ, ಮಾತು ಸಾಕು. ಈಗ ಹಾಡು ಹಾಕುತ್ತೇವೆ. ಮೊದಲ ಮಗ್ಗುಲಿನ ನಾಲ್ಕನೆಯದರಿಂದಲೇ ಆರಂಭಿಸುತ್ತೇವೆ. ಮಾತು ಯಾವಾಗ ಬರುತ್ತದೆಂದು ಕಾಯಬೇಡಿ, ಆಲಾಪವನ್ನೇ ಕೇಳಿ. ಆಮೇಲೆ ಎರಡನೆಯ ಮಗ್ಗುಲಿನ ಎಂಟು ನಿಮಿಷದ ಹಾಡು. ರಾತ್ರಿ ಪಾಳಿಗೆ ಹೋಗಬೇಕಾದವರು ಮುಂದಿನ ಬೆಂಚಿನಲ್ಲಿ ಕುಳಿತುಕೊಳ್ಳಲಿ. ಅವರು ಹೊರಡುವುದಕ್ಕೆ ಮೊದಲು ಈ ಎರಡಾದರೂ ಮುಗಿಯುತ್ತವೆ.